ಮೂರು ಭ್ರೂಣಕ್ಕೆ ಎಷ್ಟು ಕ್ವಿಂಟಲ್ ಚಾಲಿ?

ಐವಿಎಫ್ ಮಾಡಿಸಿಕೊಂಡ ದಂಪತಿಗೆ ಆಸ್ಪತ್ರೆಯಿಂದ ಬರುವ ವರದಿ ಬಹಳ ಸಲ ಒಂದೇ ಸಾಲಿನದು: ‘ಮೂರು ಬ್ಲಾಸ್ಟೊಸಿಸ್ಟ್ ಫ್ರೀಜ್ ಆಗಿವೆ. 4ಎಎ, 4ಬಿಬಿ, 3ಬಿಸಿ.’ ಅದರ ಬೆನ್ನಿಗೇ ಬಿಲ್ಲು. ಬಿಲ್ಲಿನ ಅಂಕಿ ಎಲ್ಲರಿಗೂ ತಿಳಿಯುತ್ತದೆ, ಅದರ ಬಗ್ಗೆ ಮನೆಯಲ್ಲಿ ಚರ್ಚೆಯೂ ಆಗುತ್ತದೆ. ಮೊದಲ ಸಾಲಿನ ಅಂಕಿಯನ್ನು ಮಾತ್ರ ಪರೀಕ್ಷೆಯ ಫಲಿತಾಂಶದ ಹಾಗೆ ಓದಿಕೊಳ್ಳುತ್ತೇವೆ: ಎಎ ಅಂದರೆ ಪಾಸು, ಸಿ ಅಂದರೆ ಫೇಲು. ದುಡ್ಡು ಹೆಚ್ಚಾಗಿ ಪೋಲಾಗುವುದು ಈ ಓದಿನಿಂದಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಿಗೆ ಹೊಂದುವ ಹಾಗೆ ಎರಡೂ ಅಂಕಿಗಳನ್ನು ಒಂದೇ ಪಾಟಿಯ ಮೇಲೆ ಬರೆದು ನೋಡೋಣ.

ಮೊದಲು ಆ ಅಕ್ಷರಗಳು. ಬ್ಲಾಸ್ಟೊಸಿಸ್ಟ್‌ಗೆ, ಅಂದರೆ ಐದನೇ ದಿನದ ಭ್ರೂಣಕ್ಕೆ, ಹೀಗೆ ದರ್ಜೆ ಕೊಡುವ ಪದ್ಧತಿಯನ್ನು ಡೇವಿಡ್ ಗಾರ್ಡ್‌ನರ್ ಮತ್ತು ವಿಲಿಯಂ ಸ್ಕೂಲ್‌ಕ್ರಾಫ್ಟ್ 1999ರಲ್ಲಿ ಮುಂದಿಟ್ಟರು. ಮೊದಲು ಬರುವ ಅಂಕೆ 1ರಿಂದ 6ರವರೆಗೆ, ಭ್ರೂಣ ಎಷ್ಟು ಉಬ್ಬಿದೆ ಎಂಬುದಕ್ಕೆ. 6 ಎಂದರೆ ಹೊದಿಕೆಯಿಂದ ಪೂರ್ತಿ ಹೊರಬಂದಿದೆ. ಮೊದಲ ಅಕ್ಷರ ಮುಂದೆ ಮಗುವಾಗುವ ಒಳಗಿನ ಜೀವಕೋಶಗಳ ಗುಂಪಿಗೆ, ಎರಡನೆಯದು ಮಾಸು ಆಗುವ ಹೊರಪದರಕ್ಕೆ. ಎ ಎಂದರೆ ಕೋಶಗಳು ಒತ್ತಾಗಿವೆ, ಸಿ ಎಂದರೆ ವಿರಳ. ಎಂಬ್ರಿಯಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿ ಹೇಳುವ ಮಾತು ಇದು. ಒಬ್ಬರ ಬಿಬಿ ಇನ್ನೊಬ್ಬರ ಬಿಸಿ ಆಗುವುದು ಅಪರೂಪವಲ್ಲ. ಭ್ರೂಣದ ಒಳಗಿನ ವರ್ಣತಂತುಗಳು ಸರಿಯಾಗಿವೆಯೇ ಎಂಬುದು ಕಣ್ಣಿಗೆ ಕಾಣುವುದೂ ಇಲ್ಲ.

ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ರಾಶಿ, ಬೆಟ್ಟೆ, ತಟ್ಟಿಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಆರಿಸಿ ಟೆಂಡರಿಗೆ ಇಡುವಾಗ ದರ ಬೇರೆ ಬೇರೆ ಬೀಳುತ್ತದೆ, ನಿಜ. ಹಾಗಂತ ಕೋಕಾವನ್ನು ಯಾರೂ ಗೊಬ್ಬರಗುಂಡಿಗೆ ಸುರಿಯುವುದಿಲ್ಲ. ಭ್ರೂಣದ ದರ್ಜೆಗೂ ಇರುವ ಕೆಲಸ ಅಷ್ಟೇ, ಯಾವುದನ್ನು ಮೊದಲು ಹಾಕಬೇಕು ಎಂದು ಸಾಲು ಹಚ್ಚುವುದು.

ಮೂರು ಭ್ರೂಣ ಎಂಬ ಸಂಖ್ಯೆ ಎಲ್ಲಿಂದ ಬಂತು? ಹನ್ನೆರಡು ಅಂಡ ಸಿಕ್ಕವು ಎಂದುಕೊಳ್ಳಿ. ಅವುಗಳಲ್ಲಿ ಬಲಿತವು ಒಂಬತ್ತರ ಸುಮಾರಿಗೆ. ವೀರ್ಯಾಣು ಚುಚ್ಚಿದ ಮೇಲೆ 16ರಿಂದ 18 ಗಂಟೆಗೆ ನೋಡಿದರೆ ಏಳರಲ್ಲಿ ಸರಿಯಾದ ಫಲೀಕರಣ ಕಾಣುತ್ತದೆ. ಎರಡನೇ ದಿನ ನಾಲ್ಕು ಕೋಶ, ಮೂರನೇ ದಿನ ಎಂಟು ಕೋಶ ಇರಬೇಕು. ಐದನೇ ದಿನದ ಹೊತ್ತಿಗೆ ಬ್ಲಾಸ್ಟೊಸಿಸ್ಟ್ ಆಗಿ ನಿಲ್ಲುವುದು ಮೂರು. ‘ಹನ್ನೆರಡಿದ್ದದ್ದು ಮೂರಾಯ್ತಲ್ಲ’ ಎಂದು ಮನೆಯವರು ಗಾಬರಿಯಾಗುತ್ತಾರೆ, ಆದರೆ ಇದು ಸಾಧಾರಣ ಇಳಿಕೆ. ಪ್ರಯೋಗಾಲಯಗಳ ಗುಣಮಟ್ಟಕ್ಕೆ ಅಳತೆಗೋಲು ಇಟ್ಟ 2017ರ ವಿಯೆನ್ನಾ ಒಮ್ಮತದ ದಾಖಲೆ, ಫಲಿತ ಅಂಡಗಳಲ್ಲಿ ಕನಿಷ್ಠ ಶೇ 40 ಬ್ಲಾಸ್ಟೊಸಿಸ್ಟ್ ಆದರೆ ಪ್ರಯೋಗಾಲಯ ಸಾಕಷ್ಟು ಸಮರ್ಥ ಎನ್ನುತ್ತದೆ. ಶೇ 60 ಮುಟ್ಟಿದರೆ ಉತ್ತಮ. ಏಳಕ್ಕೆ ಮೂರು ಎಂದರೆ ಶೇ 43.

ಈಗ ದುಡ್ಡು. ಆಸ್ಪತ್ರೆಯಿಂದ ಆಸ್ಪತ್ರೆಗೆ ದರ ಬದಲಾಗುವುದರಿಂದ ಲೆಕ್ಕಕ್ಕೆಂದು ಕೆಲವು ಅಂಕಿ ಹಿಡಿಯುತ್ತೇನೆ. ನಿಮ್ಮ ಕೈಯಲ್ಲಿರುವ ಕೊಟೇಶನ್ ಬೇರೆ ಇದ್ದರೆ ಅದನ್ನೇ ಕೂರಿಸಿಕೊಂಡು ಕೂಡಿ ಕಳೆಯಿರಿ. ಇಂಜೆಕ್ಷನ್, ಅಂಡ ತೆಗೆಯುವುದು, ಫಲೀಕರಣ, ಫ್ರೀಜ್ ಮಾಡುವುದು ಎಲ್ಲ ಸೇರಿ 1,80,000 ರೂಪಾಯಿ. ಫ್ರೀಜ್ ಆದ ಒಂದು ಭ್ರೂಣವನ್ನು ಕರಗಿಸಿ ಗರ್ಭಕೋಶಕ್ಕೆ ಹಾಕಲು ಪ್ರತಿ ಸಲ 50,000. ಕಾಪಿಡಲು ವರ್ಷಕ್ಕೆ 15,000. ಚಾಲಿ ಕ್ವಿಂಟಲಿಗೆ 40,000, ಎಕರೆಗೆ ಎಂಟು ಕ್ವಿಂಟಲ್ ಫಸಲು.

ಇದರ ಜೊತೆಗೆ ದಾರಿ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್, ಯಲ್ಲಾಪುರದಿಂದ 70, ಸಿದ್ದಾಪುರದಿಂದ ಶಿರಸಿ ಮೇಲೆ ಹೋದರೆ 140. ಸಿದ್ದಾಪುರದವರು ಸಾಗರದ ಮೇಲೆ ಶಿವಮೊಗ್ಗಕ್ಕೆ ಹೋದರೆ ನೂರು ಚಿಲ್ಲರೆ. ಮೊದಲ ಭೇಟಿ, ಇಂಜೆಕ್ಷನ್ ನಡೆಯುವ ಹತ್ತು ಹನ್ನೆರಡು ದಿನಗಳಲ್ಲಿನ ಸ್ಕ್ಯಾನ್‌ಗಳು, ಅಂಡ ತೆಗೆಯುವ ದಿನ, ಆಮೇಲೆ ಗರ್ಭಕೋಶದ ಒಳಪದರ ನೋಡುವ ಸ್ಕ್ಯಾನ್, ಭ್ರೂಣ ಹಾಕುವ ದಿನ ಎಲ್ಲ ಸೇರಿ ಹತ್ತು ಸಲ ಹೋಗಿ ಬಂದರೆ ಯಲ್ಲಾಪುರದವರಿಗೆ 1,400 ಕಿಲೋಮೀಟರ್, ಶಿರಸಿಯವರಿಗೆ 2,000, ಸಿದ್ದಾಪುರದಿಂದ ಹುಬ್ಬಳ್ಳಿಗಾದರೆ 2,800. ಬಾಡಿಗೆ ಕಾರಿಗೆ ಕಿಲೋಮೀಟರಿಗೆ 13 ರೂಪಾಯಿ ಹಿಡಿದರೆ ಕ್ರಮವಾಗಿ 18,200, 26,000 ಮತ್ತು 36,400. ಮುಂದಿನ ಪ್ರತಿ ಭ್ರೂಣಕ್ಕೆ ಮತ್ತೆ ಮೂರು ಓಡಾಟ, ಶಿರಸಿಯಿಂದ 7,800. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದವರು ಎಬ್ಬಿಸಿದ ಕೂಗು ಅಪಘಾತ, ಹೃದಯಾಘಾತದ ವಿಷಯದ್ದಾಗಿತ್ತು. ಬಂಜೆತನದ ಚಿಕಿತ್ಸೆಗೆ ಹೋಗುವವರು ಅಂಥ ಕೂಗು ಹಾಕುವುದಿಲ್ಲ. ಯಾರಿಗೂ ಹೇಳದೆ ‘ಹುಬ್ಬಳ್ಳಿಯಲ್ಲಿ ಸ್ವಲ್ಪ ಕೆಲಸ ಇತ್ತು’ ಎಂದು ಹೋಗಿ ಬರುತ್ತಾರೆ.

ಮುಖ್ಯ ಲೆಕ್ಕ ಇನ್ನು ಮುಂದೆ. 4ಎಎ ಹಾಕಿದರೆ ಮಗುವಾಗುವ ಸಾಧ್ಯತೆ ಶೇ 45, 4ಬಿಬಿಗೆ ಶೇ 35, 3ಬಿಸಿಗೆ ಶೇ 25 ಎಂದು ಇಟ್ಟುಕೊಳ್ಳೋಣ. ಇವೂ ಲೆಕ್ಕಕ್ಕೆ ಹಿಡಿದ ಅಂಕಿಗಳೇ. ಒಂದೊಂದಾಗಿ ಹಾಕುತ್ತ ಹೋಗಿ, ಗರ್ಭ ನಿಂತ ಕೂಡಲೇ ನಿಲ್ಲಿಸುತ್ತೇವೆ. ಮೂರೂ ವಿಫಲವಾಗುವ ಸಾಧ್ಯತೆ 0.55, 0.65, 0.75 ಈ ಮೂರರ ಗುಣಲಬ್ಧ, ಅಂದರೆ ಶೇ 27. ಮಗುವಾಗುವ ಸಾಧ್ಯತೆ ಶೇ 73. ಈಗ ಸಾಲನ್ನು ತಿರುಗಿಸಿ, 3ಬಿಸಿಯನ್ನೇ ಮೊದಲು ಹಾಕಿ. ಗುಣಾಕಾರದ ಸ್ಥಾನ ಬದಲಾದರೆ ಉತ್ತರ ಬದಲಾಗುವುದಿಲ್ಲ, ಆಗಲೂ ಶೇ 73.

ಹಾಗಾದರೆ ದರ್ಜೆಯಿಂದ ಸಿಗುವ ಲಾಭವೇನು? ಒಳ್ಳೆಯದನ್ನು ಮೊದಲು ಹಾಕಿದರೆ ಸರಾಸರಿ 1.91 ಸಲ ಭ್ರೂಣ ಹಾಕಬೇಕಾಗುತ್ತದೆ. ತಿರುಗಿಸಿ ಹಾಕಿದರೆ 2.24 ಸಲ. ವ್ಯತ್ಯಾಸ ಒಂದು ಸಲದ ಮೂರನೇ ಒಂದು ಪಾಲು. ಆಸ್ಪತ್ರೆ ಖರ್ಚು 16,500, ಕಾರಿನದು 2,600, ಒಟ್ಟು 19,000 ರೂಪಾಯಿ ಆಸುಪಾಸು, ಜೊತೆಗೆ ಕೆಲವು ವಾರಗಳ ಕಾಯುವಿಕೆ ಮತ್ತು ಕೆಲವು ಕಣ್ಣೀರು. ಸಣ್ಣ ಲಾಭವೇನಲ್ಲ. ಆದರೆ ಅದು ಸಮಯದ ಮತ್ತು ಹಣದ ಲಾಭ. ದರ್ಜೆ ನೋಡಿದ್ದರಿಂದ ಭ್ರೂಣಕ್ಕೆ ಹೊಸ ಶಕ್ತಿಯೇನೂ ಬರಲಿಲ್ಲ. ‘ನಮ್ಮ ಗ್ರೇಡಿಂಗ್‌ನಿಂದ ಯಶಸ್ಸು ಹೆಚ್ಚು’ ಎಂಬ ಜಾಹೀರಾತು ಮೊದಲ ಪ್ರಯತ್ನದ ಮಟ್ಟಿಗೆ ನಿಜ, ಒಟ್ಟು ಲೆಕ್ಕದಲ್ಲಿ ನಿಜವಲ್ಲ.

ಸಿ ಬಂತೆಂದು 3ಬಿಸಿಯನ್ನು ಫ್ರೀಜ್ ಮಾಡದೆ ಬಿಟ್ಟರೆ? ಸಾಧ್ಯತೆ ಶೇ 64ಕ್ಕೆ ಇಳಿಯುತ್ತದೆ. ನೂರು ದಂಪತಿಗೆ ಒಂಬತ್ತು ಮಕ್ಕಳು ಕಡಿಮೆ. ರೂಪಾಯಿಯಲ್ಲಿ ನೋಡಿ: ಮೂರನ್ನೂ ಇಟ್ಟುಕೊಂಡ ಶಿರಸಿಯ ದಂಪತಿಗೆ, ಕಾಪಿಡುವ ಬಾಡಿಗೆ ಬಿಟ್ಟು, ಆಸ್ಪತ್ರೆ, ಕಾರು ಸೇರಿ ಸರಾಸರಿ ಖರ್ಚು 3,08,000, ಅಂದರೆ 7.7 ಕ್ವಿಂಟಲ್ ಚಾಲಿ, ಹೆಚ್ಚುಕಡಿಮೆ ಒಂದು ಎಕರೆ ತೋಟದ ವರ್ಷದ ಫಸಲು. ಕೊನೆಗೌಡನ ಕೂಲಿ, ಸುಲಿಯುವ ಖರ್ಚು, ಕೊಳೆಗೆ ಹೊಡೆದ ಬೋರ್ಡೊ ಯಾವುದನ್ನೂ ಕಳೆಯದ ಲೆಕ್ಕ ಅದು. ಆದರೆ ಎಲ್ಲರಿಗೂ ಮಗುವಾಗುವುದಿಲ್ಲವಲ್ಲ, ಆದ್ದರಿಂದ ಒಂದು ಮಗುವಿಗೆ ಬೀಳುವ ಖರ್ಚು 3,08,000ವನ್ನು 0.73ರಿಂದ ಭಾಗಿಸಿದಷ್ಟು: 4,21,000, ಹತ್ತೂವರೆ ಕ್ವಿಂಟಲ್. ಮೂರನೆಯದನ್ನು ಬಿಟ್ಟವರ ಸರಾಸರಿ ಖರ್ಚು 2,88,000ಕ್ಕೆ ಇಳಿಯುತ್ತದೆ, ಉಳಿತಾಯವಾದಂತೆ ತೋರುತ್ತದೆ. ಆದರೆ ಒಂದು ಮಗುವಿಗೆ ಬೀಳುವ ಖರ್ಚು 4,48,000ಕ್ಕೆ ಏರುತ್ತದೆ. ಆಸ್ಪತ್ರೆಗಳ ದರಪಟ್ಟಿಯಲ್ಲಿ ‘ಒಂದು ಸೈಕಲ್‌ಗೆ ಇಷ್ಟು’ ಎಂದಿರುತ್ತದೆ. ನಾವು ಹಾಕಬೇಕಾದ ಲೆಕ್ಕ ಒಂದು ಮಗುವಿಗೆ ಎಷ್ಟು ಎಂಬುದು.

ಕಡಿಮೆ ದರ್ಜೆಯ ಭ್ರೂಣ ಪೂರ್ತಿ ನಿಷ್ಪ್ರಯೋಜಕವಲ್ಲ ಎಂಬುದಕ್ಕೆ ಇಟಲಿಯ ಆಂಟೋನಿಯೊ ಕಪಾಲ್ಬೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅವರು 956 ಬ್ಲಾಸ್ಟೊಸಿಸ್ಟ್‌ಗಳ ವರ್ಣತಂತು ನೋಡಿದರು. ಅತ್ಯುತ್ತಮ ದರ್ಜೆಯವುಗಳಲ್ಲಿ ಶೇ 56ರಷ್ಟು ಸರಿಯಿದ್ದವು. ಕಳಪೆ ಎಂದು ಬರೆದಿಟ್ಟವುಗಳಲ್ಲೂ ಶೇ 25ರಷ್ಟು ಸರಿಯಿದ್ದವು. ವರ್ಣತಂತು ಸರಿಯಿದ್ದ ಭ್ರೂಣಗಳನ್ನು ಮಾತ್ರ ಹಾಕಿ ನೋಡಿದಾಗ, ಚೆಂದದ್ದಕ್ಕೂ ಕಳಪೆಯದ್ದಕ್ಕೂ ಗರ್ಭಕೋಶಕ್ಕೆ ಅಂಟಿಕೊಳ್ಳುವ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಇನ್ನೊಂದು ದಿಕ್ಕಿನಿಂದ ಓದಿದರೆ, ನೋಡಲು ಅತ್ಯುತ್ತಮವಾದವುಗಳಲ್ಲೂ ಶೇ 44ರಷ್ಟು ಒಳಗೆ ಕೆಟ್ಟಿದ್ದವು. 4ಎಎ ಹಾಕಿಯೂ ನಿಲ್ಲಲಿಲ್ಲ ಎಂದು ಸೊಸೆಯ ಮೇಲೆ, ಅವಳು ಏಣಿ ಹತ್ತಿದ್ದರ ಮೇಲೆ, ಬಸ್ಸಿನ ಕುಲುಕಾಟದ ಮೇಲೆ ದೂರು ಹೊರಿಸುವ ಮನೆಗಳಿವೆ. ಅವರು ಈ ಶೇ 44ನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಬಹುದು.

ದರ್ಜೆಗಿಂತ ಭಾರವಾದ ಅಂಕಿ ಒಂದಿದೆ: ಅಂಡ ತೆಗೆದ ದಿನ ಹೆಂಗಸಿನ ವಯಸ್ಸು. 2014ರಲ್ಲೇ ಪ್ರಕಟವಾದ, 15,000ಕ್ಕೂ ಹೆಚ್ಚು ಭ್ರೂಣಗಳ ಇನ್ನೊಂದು ಅಧ್ಯಯನದಲ್ಲಿ ವರ್ಣತಂತು ದೋಷ 35ರ ವಯಸ್ಸಿನಲ್ಲಿ ಮೂರಕ್ಕೆ ಒಂದರ ಆಸುಪಾಸು, 40ರಲ್ಲಿ ಅರ್ಧಕ್ಕಿಂತ ಹೆಚ್ಚು, 42ರಲ್ಲಿ ಮುಕ್ಕಾಲು. ‘ಈ ಸಲ ಅಡಿಕೆ ದರ ಏರಲಿ, ಬರುವ ವರ್ಷ ನೋಡೋಣ’ ಎಂದು ಮುಂದೂಡುವುದು 30ರಲ್ಲಿ ಅಷ್ಟೇನೂ ದುಬಾರಿಯಲ್ಲ. 38ರಲ್ಲಿ ಬಹಳ ದುಬಾರಿ. ಒಮ್ಮೆ ಫ್ರೀಜ್ ಆದ ಮೇಲೆ ಮಾತ್ರ ಭ್ರೂಣದ ವಯಸ್ಸು ಅಲ್ಲಿಗೇ ನಿಲ್ಲುತ್ತದೆ.

ಒಂದು ಮನೆಯ ಮಾತೂ ಬರಬೇಕು. ‘ಎರಡೂ ಒಟ್ಟಿಗೇ ಹಾಕ್ಬಿಡಿ ಡಾಕ್ಟ್ರೇ, ಮತ್ತೆ ಮತ್ತೆ ಓಡಾಡೋದು ತಪ್ತದೆ.’ ಇನ್ನೂರು ಕಿಲೋಮೀಟರ್ ಹೋಗಿಬರುವವರ ಬಾಯಲ್ಲಿ ಇದು ನ್ಯಾಯವಾದ ಮಾತೇ. 2004ರಲ್ಲಿ ಸ್ವೀಡನ್ನಿನ ಆನ್ ತುರಿನ್ ತಂಡ ಇದನ್ನು 661 ಹೆಂಗಸರಲ್ಲಿ ಪರೀಕ್ಷಿಸಿತು, ಎಲ್ಲರೂ 36ರೊಳಗಿನವರು. ಒಟ್ಟಿಗೆ ಎರಡು ಹಾಕಿದವರಲ್ಲಿ ಶೇ 42.9ರಷ್ಟು ಮಂದಿಗೆ ಮಗುವಾಯಿತು. ಮೊದಲು ಒಂದು, ಅದು ನಿಲ್ಲದಿದ್ದರೆ ಫ್ರೀಜ್ ಮಾಡಿಟ್ಟ ಇನ್ನೊಂದು ಹಾಕಿದವರಲ್ಲಿ ಶೇ 38.8. ಅಂತರ ಸಣ್ಣದು. ಆದರೆ ಅವಳಿ ಹೆರಿಗೆ ಮೊದಲ ಗುಂಪಿನಲ್ಲಿ ಶೇ 33.1, ಎರಡನೆಯದರಲ್ಲಿ ಶೇ 0.8. ಅವಳಿ ಎಂದರೆ ಬಹಳ ಸಲ ಅವಧಿಗೆ ಮುನ್ನ ಹೆರಿಗೆ, ನವಜಾತ ಶಿಶುಗಳ ಐಸಿಯುನಲ್ಲಿ ದಿನಕ್ಕೆ ಸಾವಿರಗಟ್ಟಲೆ ಬಿಲ್ಲು, ಅದೂ ಎರಡು ತೊಟ್ಟಿಲಿಗೆ. ಕಾರಿನ 7,800 ಉಳಿಸಲು ಹೋಗಿ ಇದಕ್ಕೆ ಸಿಕ್ಕಿಕೊಳ್ಳುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಬಿಲ್ಲಿನ ಕೆಳಗೆ ಸೇರುವ ಹೆಚ್ಚುವರಿ ಸಾಲುಗಳ ಮೇಲೆ ನನಗೆ ಮೊದಲಿನಿಂದ ಗುಮಾನಿ. ಅದಕ್ಕೆ ಅಂಕಿಗಳೇ ಕಾರಣ. ಭ್ರೂಣದ ಹೊರಪದರದಿಂದ ನಾಲ್ಕಾರು ಕೋಶ ತೆಗೆದು ವರ್ಣತಂತು ನೋಡುವ ಪಿಜಿಟಿ-ಎ ಪರೀಕ್ಷೆಯನ್ನೇ ತೆಗೆದುಕೊಳ್ಳಿ. 2019ರ ಸ್ಟಾರ್ ಪ್ರಯೋಗಕ್ಕೆ 661 ಹೆಂಗಸರನ್ನು ಸೇರಿಸಿಕೊಂಡು, ಫ್ರೀಜ್ ಮಾಡಿದ ಭ್ರೂಣವನ್ನು ಒಂದೊಂದೇ ಹಾಕಿದರು. ಪರೀಕ್ಷೆ ಮಾಡಿ ಹಾಕಿದವರಲ್ಲಿ ಶೇ 50, ಕಣ್ಣಳತೆಯ ದರ್ಜೆ ನೋಡಿ ಹಾಕಿದವರಲ್ಲಿ ಶೇ 46 ಗರ್ಭ ಮುಂದುವರಿಯಿತು. ಸಂಖ್ಯಾಶಾಸ್ತ್ರದ ಪ್ರಕಾರ ಇದು ಅಂತರವೇ ಅಲ್ಲ. ಚೀನಾದಲ್ಲಿ 1,212 ಹೆಂಗಸರಿಗೆ ನಡೆದ 2021ರ ಪ್ರಯೋಗದಲ್ಲಂತೂ ಒಟ್ಟು ಲೆಕ್ಕದಲ್ಲಿ ಪರೀಕ್ಷೆ ಮಾಡಿಸಿದವರಿಗೆ ಶೇ 77.2, ಮಾಡಿಸದವರಿಗೆ ಶೇ 81.8 ಮಗುವಾಯಿತು. ಒಂದು ಭ್ರೂಣಕ್ಕೆ 20,000 ಹಿಡಿದರೂ ಮೂರಕ್ಕೆ 60,000, ಒಂದೂವರೆ ಕ್ವಿಂಟಲ್ ಚಾಲಿ. ವಯಸ್ಸು 38 ದಾಟಿದವರು, ಮತ್ತೆ ಮತ್ತೆ ಗರ್ಭ ಇಳಿದವರು ವೈದ್ಯರೊಡನೆ ಬೇರೆಯಾಗಿ ಮಾತಾಡಬೇಕಾದ ವಿಷಯ ಇದು. ಮೂವತ್ತರ ಒಳಹೊರಗಿನವರಿಗೆ ಆ ದುಡ್ಡು ಇನ್ನೊಂದು ಭ್ರೂಣ ಹಾಕಿಸಿಕೊಳ್ಳಲು ಸಾಕು, ಹತ್ತು ಸಾವಿರ ಉಳಿಯುತ್ತದೆ ಕೂಡ. ಅಂದಹಾಗೆ ಈ ಪರೀಕ್ಷೆಯಲ್ಲಿ ಗಂಡೋ ಹೆಣ್ಣೋ ಎಂಬುದು ಪ್ರಯೋಗಾಲಯಕ್ಕೆ ಗೊತ್ತಾಗುತ್ತದೆ, ಅದನ್ನು ಕೇಳುವುದೂ ಹೇಳುವುದೂ ಅಪರಾಧ.

ಭ್ರೂಣ ಬೆಳೆಯುವುದನ್ನು ಕ್ಯಾಮೆರಾದಲ್ಲಿ ಸತತ ಚಿತ್ರೀಕರಿಸುವ ಟೈಮ್‌ಲ್ಯಾಪ್ಸ್‌ಗೂ ಇದೇ ಗತಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ 1,575 ಜನರ ಪ್ರಯೋಗದಲ್ಲಿ ಕ್ಯಾಮೆರಾ ಇದ್ದವರಿಗೆ ಶೇ 33.7, ಮಾಮೂಲಿ ಪದ್ಧತಿಯವರಿಗೆ ಶೇ 33.0 ಮಗುವಾಯಿತು. ಕೃತಕ ಬುದ್ಧಿಮತ್ತೆಗೆ ದರ್ಜೆ ಕೊಡಲು ಬಿಟ್ಟ ಪ್ರಯೋಗವೂ ಅದೇ ವರ್ಷ ಪ್ರಕಟವಾಯಿತು. 1,066 ಮಂದಿಯಲ್ಲಿ ಯಂತ್ರ ಆರಿಸಿದವರ ಗರ್ಭಧಾರಣೆ ಶೇ 46.5, ಮನುಷ್ಯರು ಆರಿಸಿದವರದು ಶೇ 48.2. ಯಂತ್ರ 21 ಸೆಕೆಂಡಿನಲ್ಲಿ ಮುಗಿಸಿತು, ಮನುಷ್ಯರಿಗೆ 208 ಸೆಕೆಂಡ್ ಬೇಕಾಯಿತು. ಪ್ರಯೋಗಾಲಯದ ಸಮಯ ಉಳಿದದ್ದು ಸಂತೋಷ. ಅದಕ್ಕೆ ದಂಪತಿ ಏಕೆ ಹೆಚ್ಚು ಕೊಡಬೇಕು? ಗರ್ಭಕೋಶ ಯಾವ ಗಳಿಗೆಯಲ್ಲಿ ಭ್ರೂಣ ಹಿಡಿಯಲು ಸಿದ್ಧ ಎಂದು ಹೇಳುವ ಇಆರ್‌ಎ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. 767 ಮಂದಿಯಲ್ಲಿ ಅದರಂತೆ ಗಳಿಗೆ ನೋಡಿ ಹಾಕಿದವರಿಗೆ ಶೇ 58.5, ನೋಡದೆ ಮಾಮೂಲಿ ದಿನಕ್ಕೆ ಹಾಕಿದವರಿಗೆ ಶೇ 61.9 ಮಗುವಾಯಿತು.

ಫ್ರೀಜ್ ಮಾಡುವುದೇ ಅಪಾಯ ಎಂಬ ಭಯ ಇನ್ನೂ ಇದೆ, ‘ತಂಗಳು ಭ್ರೂಣ’ ಎಂದು ಮೂಗು ಮುರಿಯುವವರೂ ಇದ್ದಾರೆ. ಭಾರತದ ಐವಿಎಫ್ ಕಥೆ ಶುರುವಾದದ್ದೇ ತಂಗಳಿನಿಂದ ಎಂಬುದು ಅವರಿಗೆ ಗೊತ್ತಿಲ್ಲ. ಕೋಲ್ಕತ್ತದ ಡಾ. ಸುಭಾಷ್ ಮುಖೋಪಾಧ್ಯಾಯರು ಎಂಟು ಕೋಶದ ಹಂತದಲ್ಲಿ ಘನೀಕರಿಸಿ 53 ದಿನ ಇಟ್ಟ ಭ್ರೂಣದಿಂದ 1978ರ ಅಕ್ಟೋಬರ್ 3ರಂದು ಹೆಣ್ಣುಮಗು ಹುಟ್ಟಿತೆಂದು ವರದಿ ಮಾಡಿದಾಗ ಸರ್ಕಾರದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಮೊದಲಿಗರು ಅವರೇ ಎಂದು 1997ರಲ್ಲಿ ಎತ್ತಿ ಹೇಳಿದವರು ಡಾ. ಟಿ.ಸಿ. ಆನಂದ ಕುಮಾರ್. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಜೊತೆ ಪ್ರನಾಳ ಶಿಶುವಿನ ದಾಖಲಿತ ಜನನಕ್ಕೆ ಕಾರಣರಾಗಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ವಿಜ್ಞಾನಿ ಇವರು. ತಾನೇ ಮೊದಲಿಗ ಎಂಬ ಕಿರೀಟವನ್ನು ತಾವಾಗಿ ತೆಗೆದು ಇನ್ನೊಬ್ಬರ ತಲೆಗಿಟ್ಟ ಉದಾಹರಣೆ ವಿಜ್ಞಾನದಲ್ಲಿ ಬಹಳ ಸಿಗುವುದಿಲ್ಲ.

ಆಗಿನ ನಿಧಾನ ಘನೀಕರಣದಲ್ಲಿ ಉಷ್ಣತೆಯನ್ನು ನಿಮಿಷಕ್ಕೆ 0.3 ಡಿಗ್ರಿಯಂತೆ ಇಳಿಸುತ್ತಿದ್ದರು. ನೀರು ಹರಳುಗಟ್ಟಿ ಕೋಶಗಳು ಒಡೆಯುತ್ತಿದ್ದವು. ಈಗಿನ ವಿಟ್ರಿಫಿಕೇಶನ್‌ನಲ್ಲಿ ಇಳಿಕೆ ನಿಮಿಷಕ್ಕೆ 20,000 ಡಿಗ್ರಿಗೂ ಮಿಗಿಲು, ಹರಳಾಗಲು ಸಮಯವೇ ಇಲ್ಲ. ಕರಗಿಸಿದಾಗ ಬ್ಲಾಸ್ಟೊಸಿಸ್ಟ್ ಬದುಕುಳಿಯುವ ಪ್ರಮಾಣ ಕನಿಷ್ಠ ಶೇ 90 ಇರಬೇಕು, ಒಳ್ಳೆಯ ಪ್ರಯೋಗಾಲಯ ಶೇ 99 ಮುಟ್ಟಬೇಕು ಎಂಬುದು ಅದೇ ವಿಯೆನ್ನಾ ದಾಖಲೆಯ ಮಾತು. ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದ ಅಂಕಿ ಇದು. ‘ನಿಮ್ಮ ಸಕ್ಸೆಸ್ ರೇಟ್ ಎಷ್ಟು?’ ಎಂದರೆ ಯಾರದ್ದೋ ಗರ್ಭ ಪರೀಕ್ಷೆಯ ಪಾಸಿಟಿವ್ ಲೆಕ್ಕ ಬರುತ್ತದೆ. ‘ಕಳೆದ ವರ್ಷ ಎಷ್ಟು ಭ್ರೂಣ ಕರಗಿಸಿದಿರಿ, ಎಷ್ಟು ಉಳಿದವು? ನನ್ನ ವಯಸ್ಸಿನವರಲ್ಲಿ ಎಷ್ಟು ಹೆರಿಗೆಯಾಯಿತು?’ ಎಂದರೆ ಉತ್ತರ ಕೊಡುವವರಿಗೂ ಎದುರಿರುವವರು ಲೆಕ್ಕ ಬಲ್ಲವರೆಂದು ತಿಳಿಯುತ್ತದೆ. ಕರಗಿದ ಭ್ರೂಣ ಎರಡು ಮೂರು ಗಂಟೆಯಲ್ಲಿ ಮತ್ತೆ ಉಬ್ಬಿತೇ ಎಂದೂ ಕೇಳಬಹುದು. ಹಾಕುವ ದಿನ ನನ್ನ ಮಟ್ಟಿಗೆ ಅದು ಹಳೆಯ ಎ, ಬಿಗಳಿಗಿಂತ ಹೆಚ್ಚು ನೆಚ್ಚಬಹುದಾದ ಸುದ್ದಿ.

ದ್ರವ ಸಾರಜನಕ ನಮ್ಮೂರಿಗೆ ಹೊಸದೂ ಅಲ್ಲ. ಪಶು ಆಸ್ಪತ್ರೆಯ ಮೂಲೆಯಲ್ಲಿರುವ, ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುವ ಕ್ಯಾನ್ ಅದರದ್ದೇ. ಅದರಲ್ಲಿ ತೇಲುವ ವೀರ್ಯದ ಕಡ್ಡಿಯೊಂದು 0.25 ಮಿಲಿಲೀಟರು, ಒಳಗೆ ಎರಡು ಕೋಟಿ ವೀರ್ಯಾಣು. ಕರಗಿಸಿದಾಗ ಅರ್ಧದಷ್ಟು ಚಲಿಸಿದರೆ ಆಯಿತು. ಉಷ್ಣತೆ ಎರಡು ಕಡೆಯೂ ಮೈನಸ್ 196 ಡಿಗ್ರಿ. ಐವಿಎಫ್ ಆಸ್ಪತ್ರೆಯಲ್ಲಿ ಮಾತ್ರ ಎರಡು ಕೋಟಿಯ ಜಾಗದಲ್ಲಿ ಒಂದೇ ಒಂದು ಭ್ರೂಣ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋಗುವ ಸೀಮೆಯವರು ಕೇಳುವ ಸಹಜ ಪ್ರಶ್ನೆ: ಅಲ್ಲಿ ಕರೆಂಟು ಹೋದರೆ? ಈ ತೊಟ್ಟಿ ತಣ್ಣಗಿರಲು ಕರೆಂಟು ಬೇಡ. ಸಾರಜನಕ ಆವಿಯಾಗುತ್ತ ಹೋಗುತ್ತದೆ, ಮೇಲಿಂದ ಸುರಿಯುತ್ತಿರಬೇಕು. ಸುರಿಯುವುದು ತಪ್ಪಿದರೆ, ಎಚ್ಚರಿಕೆಯ ಗಂಟೆ ಕೆಟ್ಟರೆ ಅನಾಹುತ. 2018ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಒಂದು ತೊಟ್ಟಿ ಬಿಸಿಯಾಗಿ 4,000ಕ್ಕೂ ಹೆಚ್ಚು ಅಂಡ, ಭ್ರೂಣಗಳು ಹಾಳಾದವು. ವರ್ಷದ 15,000 ಬಾಡಿಗೆ ಈ ಕಾವಲಿಗೇ ಸಲ್ಲುವುದು. ಮಟ್ಟ ಯಾರು ನೋಡುತ್ತಾರೆ, ರಾತ್ರಿ ಗಂಟೆ ಬಾರಿಸಿದರೆ ಯಾರ ಫೋನಿಗೆ ಹೋಗುತ್ತದೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಈ ಖರ್ಚಿಗೆ ನೆರವು ಬಹುತೇಕ ಇಲ್ಲ. ಸಾಮಾನ್ಯ ಆರೋಗ್ಯ ವಿಮೆಗಳ ಹೊರಗಿಡುವ ಪಟ್ಟಿಯಲ್ಲಿ ಬಂಜೆತನ, ಅದರ ಚಿಕಿತ್ಸೆಗೆ ತನ್ನದೇ ಒಂದು ಕ್ರಮಸಂಖ್ಯೆಯಿದೆ, 17. ಉಳಿಯುವುದು ಸೊಸೈಟಿ ಸಾಲ, ಚಿನ್ನ, ಅಡಿಕೆ.

ಮೂರು ಭ್ರೂಣದಲ್ಲಿ ಎರಡನೆಯದಕ್ಕೆ ಗರ್ಭ ನಿಂತಿತು ಎಂದುಕೊಳ್ಳಿ. 3ಬಿಸಿ ತೊಟ್ಟಿಯಲ್ಲಿ ಉಳಿದಿದೆ. 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಭ್ರೂಣವನ್ನು ಹತ್ತು ವರ್ಷಕ್ಕಿಂತ ಹೆಚ್ಚು ಇಡಲು ಬಿಡುವುದಿಲ್ಲ. ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆ ಪಡೆದು ಸಂಶೋಧನೆಗೆ ಕೊಡಬೇಕು. ಇದು ವಿಜ್ಞಾನ ಹಾಕಿದ ಗಡುವಲ್ಲ. 1994ರಲ್ಲಿ ಘನೀಕರಿಸಿದ ಭ್ರೂಣದಿಂದ 2025ರ ಜುಲೈನಲ್ಲಿ ಅಮೆರಿಕದಲ್ಲಿ ಮಗು ಹುಟ್ಟಿದೆ. ಇರಲಿ, ಗಡುವಿನೊಳಗಿನ ಲೆಕ್ಕ ನೋಡಿ. ಮೂರು ವರ್ಷ ಇಟ್ಟು ಎರಡನೇ ಮಗುವಿಗೆಂದು ಹಾಕಿಸಿದರೆ ಬಾಡಿಗೆ 45,000, ಹಾಕುವ ಖರ್ಚು 50,000, ಕಾರು 7,800. ಒಟ್ಟು 1,02,800. ಶೇ 25ರ ಸಾಧ್ಯತೆಯಿಂದ ಭಾಗಿಸಿದರೆ ಒಂದು ಮಗುವಿಗೆ 4,11,000. ಮೊದಲ ಮಗುವಿಗೆ ಬಿದ್ದ 4,21,000ಕ್ಕಿಂತ ಹತ್ತು ಸಾವಿರ ಕಡಿಮೆ, ಅದೂ ಹೊಸ ಇಂಜೆಕ್ಷನ್ ಇಲ್ಲದೆ, ಮೂರು ವರ್ಷ ಚಿಕ್ಕ ವಯಸ್ಸಿನ ಅಂಡದಿಂದ. ಹತ್ತೂ ವರ್ಷ ಸುಮ್ಮನೆ ಬಾಡಿಗೆ ಕಟ್ಟುತ್ತ ಕೂತು ಕೊನೆಗೆ ಹಾಕಿಸಿದರೆ ಅದೇ ಭ್ರೂಣದ ಲೆಕ್ಕ ಒಂದು ಮಗುವಿಗೆ 8,31,000, ಇಪ್ಪತ್ತು ಕ್ವಿಂಟಲ್‌ಗಿಂತ ಹೆಚ್ಚು.